ಡ್ರೈವರ್ ಬಂದ ಮೇಲೆ ಮಗು ನೀಲಿಯಾದದ್ದು

ಸೀರೆಗೆ ಬಣ್ಣ ಹೊಂದಿಸುವವನಿಗೆ ಕಂಪ್ಯೂಟರಿಗೆ ಬಣ್ಣ ಬರಿಸುವುದು ಒಂದು ಕೆಲಸವೇ ಅಲ್ಲ ಎಂದು ನಾನು ನಂಬಿದ್ದೆ. ಈ ನಂಬಿಕೆಗೆ ತಕ್ಕ ಆಧಾರವೂ ಇತ್ತು. ದೊಡ್ಡಬಳ್ಳಾಪುರದ ಮಗ್ಗಗಳಲ್ಲಿ ನೇಯುವ ಸೀರೆಗಳ ಸೆರಗಿಗೂ ಅಂಚಿಗೂ ಗ್ರಾಫ್ ಕಾಗದದ ಮೇಲೆ ಡಿಸೈನು ಬರೆದುಕೊಡುವುದು ನನ್ನ ಕಸುಬು. ನಾನು ಬರೆದ ನವಿಲುಗಳು ಎಷ್ಟೋ ಮದುವೆ ಮನೆಗಳಲ್ಲಿ ಓಡಾಡಿವೆ, ಊಟಕ್ಕೆ ಕೂತಿವೆ, ಸಾಂಬಾರು ಚೆಲ್ಲಿಸಿಕೊಂಡಿವೆ. ಅಂಥವನಿಗೆ ಒಂದು ಗಾಜಿನ ಡಬ್ಬಿ ಯಾವ ಲೆಕ್ಕ!

ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಇನ್ನು ಮುಂದೆ ಡಿಸೈನುಗಳನ್ನೆಲ್ಲ ಕಂಪ್ಯೂಟರಿನಲ್ಲೇ ಬರೆಯುತ್ತಾರಂತೆ ಎಂಬ ಸುದ್ದಿ ನಮ್ಮ ಪೇಟೆಗೂ ಬಂದಿತ್ತು. ಬಸ್‌ಸ್ಟ್ಯಾಂಡಿನ ಹತ್ತಿರ ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದ ನನ್ನ ಗೆಳೆಯ ಇಮ್ತಿಯಾಜ್, ತನ್ನಲ್ಲಿದ್ದ ಒಂದು ಹಳೆಯ ಯಂತ್ರವನ್ನು ನನಗೆ ದಾಟಿಸಿದ. ಅದರೊಳಗೆ ಯಾವುದೋ ಪತ್ರಿಕೆಯ ಜೊತೆ ಪುಕ್ಕಟೆ ಬಂದಿದ್ದ ಸೀಡಿಯಿಂದ ಲಿನಕ್ಸ್ ಎಂಬುದನ್ನು ಹಾಕಿಕೊಟ್ಟ.

"ಇದು ಫ್ರೀ ಗುರು. ಯಾರಪ್ಪನ ಮನೇದೂ ಅಲ್ಲ. ಏನ್ ಬೇಕಾದ್ರೂ ಬಿಚ್ಚು, ಏನ್ ಬೇಕಾದ್ರೂ ಸೇರ್ಸು, ಯಾರೂ ಕೇಳಲ್ಲ" ಎಂದ.

ಇಂಥ ಮಾತನ್ನು ನನ್ನಂಥವನಿಗೆ ಹೇಳಬಾರದಿತ್ತು.

ಆದರೆ ಕಂಪ್ಯೂಟರಿನ ಕತೆಗೆ ಮೊದಲು ನನ್ನ ಹೆಂಡತಿಯ ಕತೆ ಹೇಳಬೇಕು. ಪದ್ಮ ಹಿಂದೂಪುರದವಳು. ಸೀಮಂತ ಮುಗಿಸಿಕೊಂಡು, ಎರಡೂ ಕೈ ತುಂಬ ಹಸಿರು ಗಾಜಿನ ಬಳೆ ತೊಟ್ಟು, ನಮ್ಮೂರ ಸ್ಟೇಷನ್ನಿನಲ್ಲಿ ರೈಲು ಹತ್ತಿ ತವರಿಗೆ ಹೋದಳು. ರೈಲು ಹೊರಟಾಗ ಕಿಟಕಿಯ ಸರಳುಗಳ ನಡುವಿನಿಂದ ಕೈ ಹೊರಗಿಟ್ಟು ಬೀಸಿದಳು. ಬೋಗಿ ತಿರುವಿನಲ್ಲಿ ಮರೆಯಾಗುವವರೆಗೂ ಆ ಹಸಿರು ಕಾಣುತ್ತಿತ್ತು. ಆಮೇಲೆ ಮನೆಗೆ ಬಂದೆ. ಮನೆ ತುಂಬ ದೊಡ್ಡದಾಗಿಬಿಟ್ಟಿತ್ತು. ನಮ್ಮದು ಎರಡು ಕೋಣೆಯ ಮನೆ!

ಮಗು ಹುಟ್ಟಿತು. ಹೆಣ್ಣು. ಬಾಣಂತಿ, ಮಗು ಇಬ್ಬರೂ ಕ್ಷೇಮ ಎಂದು ಸುದ್ದಿ ಬಂದ ಕೂಡಲೇ ನಾನು ಅಂಗಿ ಬದಲಾಯಿಸಿ ಚಪ್ಪಲಿ ಮೆಟ್ಟಿದೆ. ಹಿಂದೂಪುರ ಏನು ಅಮೆರಿಕವೇ? ಅದೇ ಹಳಿಯ ಮೇಲೆ ಸ್ವಲ್ಪ ಮುಂದೆ. ಅಷ್ಟರಲ್ಲಿ ನಮ್ಮಮ್ಮ ಪಂಚಾಂಗ ನೋಡಿಸಿಕೊಂಡು ಬಂದು ಬಾಗಿಲಿಗೆ ಅಡ್ಡ ನಿಂತಳು.

"ಎಲ್ಲಿಗ್ಲಾ ಹೊಂಟೆ? ಚಪ್ಲಿ ಬಿಡು. ಮಗು ಹುಟ್ಟಿರೋ ನಕ್ಷತ್ರ ಅಪ್ಪಂಗೆ ಆಗಿಬರಲ್ವಂತೆ. ಆ ನಕ್ಷತ್ರ ಮತ್ತೆ ತಿರುಗಿ ಬಂದು ಶಾಂತಿ ಮಾಡ್ಸೋಗಂಟ ನೀನು ಅದರ ಮುಖ ನೋಡಂಗಿಲ್ಲ."

"ಅಮ್ಮಾ, ನನ್ನ ಮಗು ಕಣಮ್ಮಾ!"

"ನೀನು ನನ್ನ ಮಗ ಕಣ್ಲಾ!"

ಚಪ್ಪಲಿ ಬಿಟ್ಟೆ.

ಹಾಗಂತ ಅಮ್ಮ ಕಟುಕಿಯಲ್ಲ. "ನೀನೇ ನೋಡ್ದೆ ಇರ್ಬೇಕಾದ್ರೆ ನಾನೊಬ್ಳೇ ಹೋಗಿ ನೋಡ್ಲಾ? ಇಬ್ರೂ ಒಟ್ಗೇ ಹೋಗವ" ಎಂದು ತಾನೂ ಉಳಿದುಕೊಂಡಳು. ಪ್ರೀತಿಯೂ ಇತ್ತು, ಪಹರೆಯೂ ಇತ್ತು. ಹಿಂದೂಪುರದ ಕಡೆಯ ರೈಲು ಕೂಗಿದಾಗಲೆಲ್ಲ ಅಡುಗೆಮನೆಯಿಂದ ತಲೆ ಹೊರಹಾಕಿ ನಾನು ಮನೆಯಲ್ಲಿದ್ದೇನೋ ಇಲ್ಲವೋ ಎಂದು ನೋಡುತ್ತಿದ್ದಳು. ನಾನು ಗ್ರಾಫ್ ಕಾಗದದ ಮುಂದೆ ಕೂತು, ಯಾರ ಮೂಗು ಬಂದಿರಬಹುದು, ಯಾರ ಕಣ್ಣು ಬಂದಿರಬಹುದು ಎಂದು ಯೋಚಿಸುತ್ತಿದ್ದೆ. ಆ ದಿನಗಳಲ್ಲಿ ನಾನು ಬರೆದ ನವಿಲುಗಳಿಗೆಲ್ಲ ಮಗುವಿನ ಕೆನ್ನೆ ಬಂದುಬಿಟ್ಟಿತ್ತು. ಮಗ್ಗದ ಸಾಹುಕಾರರು ಒಂದು ಗ್ರಾಫು ವಾಪಸು ಕಳಿಸಿ, "ಇದು ನವಿಲೋ ಬಾತುಕೋಳಿಯೋ?" ಎಂದು ಕೇಳಿದರು.

ನನ್ನ ಸಂಕಟ ಕಂಡು ದಾರಿ ಹುಡುಕಿದವನು ಪದ್ಮಳ ತಮ್ಮ ಶ್ರೀನು. ಹಿಂದೂಪುರದ ಒಂದು ಫೋಟೋ ಸ್ಟುಡಿಯೋದಲ್ಲಿ ಕೆಲಸ. ಅಲ್ಲಿಗೆ ಹೊಸದಾಗಿ ಕಂಪ್ಯೂಟರು, ಸ್ಕ್ಯಾನರು ಬಂದಿದ್ದವು. ಎಸ್‌ಟಿಡಿ ಬೂತಿನಿಂದ ಫೋನು ಮಾಡಿದ.

"ಬಾವಾ, ಮಗು ಫೋಟೋ ತೆಗ್ದಿದೀನಿ. ಕಳಿಸ್ಲಾ?"

ಅಮ್ಮನನ್ನು ಕೇಳಿದೆ. ಫೋಟೋ ಎಂದರೆ ಮುಖವೇ, ಮನೆಯೊಳಗೆ ತರಕೂಡದು ಎಂದಳು. ನಾನು ಕಾನೂನಿನ ಸೂಕ್ಷ್ಮ ಹಿಡಿದು ಪುರೋಹಿತರ ಬಳಿಗೇ ಹೋದೆ.

"ಎಣ್ಣೇಲಿ ಬಿಂಬ ನೋಡಬಹುದು ಅಂತ ಇದೆಯಲ್ಲಾ ಸ್ವಾಮಿ?"

"ಇದೆ. ಶಾಂತಿ ದಿವಸ ಮೊದಲು ಹಾಗೇ ತೋರಿಸೋದು."

"ಕಂಪ್ಯೂಟರಲ್ಲಿ?"

ಪುರೋಹಿತರು ಯೋಚನೆಗೆ ಬಿದ್ದರು. "ಅದು ಕಾಗದವೋ, ಗಾಜೋ?"

"ಗಾಜು ಸ್ವಾಮಿ. ಅಪ್ಪಟ ಗಾಜು."

"ಗಾಜಾದರೆ ಬಿಂಬ. ದೋಷವಿಲ್ಲ" ಎಂದು ಅಪ್ಪಣೆ ಕೊಟ್ಟರು. ನಾನು ಬೀದಿಯಲ್ಲಿ ಹೆಚ್ಚುಕಡಿಮೆ ಓಡುತ್ತಲೇ ಮನೆಗೆ ಬಂದೆ.

ಶ್ರೀನು ಫೋಟೋವನ್ನು ಸ್ಕ್ಯಾನ್ ಮಾಡಿ ಒಂದು ಫ್ಲಾಪಿಯಲ್ಲಿ ತುಂಬಿ, ನೂಲಿನ ವ್ಯಾಪಾರಕ್ಕೆ ಬರುವವರ ಕೈಯಲ್ಲಿ ಕಳಿಸಿದ. ಅಂಗೈಯಗಲದ ಕಪ್ಪು ಚೌಕ. ಅಮ್ಮ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದ್ರಾಗೆ ಎಲ್ಲವ್ಳೆ?" ಎಂದಳು. ನಾನು ಅದನ್ನು ದೇವರ ಮುಂದಿಟ್ಟು, ಕಣ್ಣಿಗೊತ್ತಿಕೊಂಡು, ಯಂತ್ರದ ಬಾಯಿಗೆ ತುರುಕಿದೆ.

ಚಿತ್ರ ಬಂತು. ಅದನ್ನು ಚಿತ್ರ ಎನ್ನುವುದು ನನ್ನ ಔದಾರ್ಯ. ನನ್ನ ಕಂಪ್ಯೂಟರಿಗೆ ಗೊತ್ತಿದ್ದದ್ದು ಹದಿನಾರೇ ಬಣ್ಣ. ಮಗುವಿನ ಕೆನ್ನೆಯಲ್ಲಿ ಎಷ್ಟು ಬಣ್ಣವಿರುತ್ತದೆ ಎನ್ನುವುದು ಆಗಲೇ ನನಗೆ ಅರಿವಾದದ್ದು. ಬೂದು ಚುಕ್ಕೆ, ಕಂದು ಚುಕ್ಕೆ, ಅಲ್ಲಲ್ಲಿ ಬಿಳಿ. ಕಡಲೆಕಾಯಿ ಚಿಕ್ಕಿಯನ್ನು ಹತ್ತಿರದಿಂದ ನೋಡಿದ ಹಾಗಿತ್ತು. ಅಮ್ಮ ಕನ್ನಡಕ ಹಾಕಿ ನೋಡಿ, ತೆಗೆದು ನೋಡಿ, "ಯಾರ ಹಾಗವ್ಳೆ ಅಂತ ಹೇಳಕ್ಕಾಗಲ್ಲ" ಎಂದು ಜಾಣತನದಿಂದ ಹೇಳಿದಳು.

ಆ ಚುಕ್ಕೆಗಳ ನಡುವೆ ಒಂದೇ ಒಂದು ಗುರುತು ನನಗೆ ಹತ್ತಿತು. ಮೂಲೆಯಲ್ಲಿ ಸಾಲಾಗಿ ನಾಲ್ಕಾರು ಹಸಿರು ಗೆರೆ. ಬಳೆ! ಮಗುವಿನ ತಲೆಗೆ ಆಸರೆ ಕೊಟ್ಟ ಪದ್ಮಳ ಕೈ. ನಾನು ಬಹಳ ಹೊತ್ತು ಆ ಗೆರೆಗಳನ್ನೇ ನೋಡುತ್ತ ಕೂತೆ.

ಇಮ್ತಿಯಾಜ್‌ನ ಬಳಿ ಹೋದೆ.

"ನಿನ್ ಗ್ರಾಫಿಕ್ಸ್ ಕಾರ್ಡ್ ಒಳ್ಳೇದೇ ಗುರು. ಲಕ್ಷಗಟ್ಲೆ ಬಣ್ಣ ಬರುತ್ತೆ. ಆದ್ರೆ ಅದರ ಡ್ರೈವರ್ ಇಲ್ಲ. ಕರ್ನಲ್‌ಗೆ ಡ್ರೈವರ್ ಸೇರಿಸ್ಬೇಕು."

"ಅಂದ್ರೆ?"

"ಕರ್ನಲ್ ಅಂದ್ರೆ ಒಳಗಿರೋ ಯಜಮಾನ. ಎಲ್ಲಾ ಕೆಲಸ ಅವನ ಮೂಲಕಾನೇ. ಒಂದೊಂದು ಸಾಮಾನಿನ ಹತ್ರ ಮಾತಾಡೋಕೆ ಅವನಿಗೆ ಒಬ್ಬೊಬ್ಬ ಡ್ರೈವರ್ ಬೇಕು. ಕೆಲವರನ್ನ ಹುಟ್ಟುವಾಗ್ಲೇ ಒಳಗೆ ಸೇರಿಸಿರ್ತಾರೆ. ಮಿಕ್ಕೋರನ್ನ ಮಾಡ್ಯೂಲ್ ಅಂತ ಪಕ್ಕದಲ್ಲಿ ಇಟ್ಟಿರ್ತಾರೆ. ಬೇಕಾದಾಗ ಲೋಡ್ ಮಾಡ್ಕೋ, ಬೇಡದಿದ್ದಾಗ ಇಳಿಸು. ನಿಮ್ ಮಗ್ಗದ ಭಾಷೇಲಿ ಹೇಳ್ಲಾ? ಓಡ್ತಿರೋ ಮಗ್ಗ ನಿಲ್ಲಿಸ್ದೆ ಮೇಲೆ ಡಿಸೈನ್ ಎತ್ತೋ ಜಕಾರ್ಡ್ ಪೆಟ್ಟಿಗೆ ಏರಿಸಿದಂಗೆ."

ಓಡುವ ಮಗ್ಗದ ಮೇಲೆ ಜಕಾರ್ಡ್ ಏರಿಸಲು ಹೋದವರ ಬೆರಳು ಏನಾಗುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಆ ಹೋಲಿಕೆಯಿಂದ ನನ್ನ ಧೈರ್ಯ ಹೆಚ್ಚಿತು. ಇದೇ ನನ್ನ ಬುದ್ಧಿಯ ವಿಶೇಷ.

ಮನೆಗೆ ಬಂದು ಅಮ್ಮನಿಗೆ ಸಂಗತಿ ವಿವರಿಸಿದೆ. "ಡ್ರೈವರ್ ಇಲ್ಲಮ್ಮ, ಅದಕ್ಕೇ ಮಗು ಸರಿಯಾಗಿ ಕಾಣ್ತಿಲ್ಲ. ಡ್ರೈವರ್ ಬಂದ ತಕ್ಷಣ ಲೋಡ್ ಮಾಡ್ತೀನಿ."

ಅಮ್ಮ ತಲೆಯಾಡಿಸಿದಳು. ಮಧ್ಯಾಹ್ನ ನೋಡುತ್ತೇನೆ, ಊಟಕ್ಕೆ ಮೂರು ಎಲೆ ಹಾಕಿದ್ದಾಳೆ.

"ಇದು ಯಾರಿಗಮ್ಮ?"

"ಡ್ರೈವರ್‌ಗೆ. ಪಾಪ, ಅಷ್ಟು ದೂರದಿಂದ ಲೋಡ್ ತತ್ತಾನೆ, ಹಸ್ಕೊಂಡಿರಲ್ವಾ?"

ಡ್ರೈವರ್ ಸೀಡಿಯಲ್ಲೇ ಇದ್ದ. ಆದರೆ ಯಾವ ಕಾರ್ಡಿಗೆ ಯಾವ ಡ್ರೈವರು ಎಂದು ತಿಳಿಯಲು ಕಾರ್ಡಿನ ನಂಬರು ಬೇಕು. ಯಂತ್ರದ ಹೊಟ್ಟೆ ತೆರೆದು, ಟಾರ್ಚು ಬಿಟ್ಟು, ಕುತ್ತಿಗೆ ತಿರುಚಿ ನಂಬರು ಓದಿದೆ. ಕೊನೆಯ ಅಂಕಿ ಒಂಬತ್ತು. ಕಾರ್ಡು ತಲೆಕೆಳಗಾಗಿ ಕೂತಿತ್ತು ಎಂಬುದು ಆಗ ನನ್ನ ಗಮನಕ್ಕೆ ಬರಲಿಲ್ಲ. ತಲೆಕೆಳಗಾದ ಒಂಬತ್ತು ಆರು ಎಂದು ಒಂದನೇ ಕ್ಲಾಸಿನ ಮಕ್ಕಳಿಗೂ ಗೊತ್ತು. ನಾನು ಎಸ್‌ಎಸ್‌ಎಲ್‌ಸಿ ಪಾಸು!

ಒಂಬತ್ತರ ಡ್ರೈವರನ್ನು ಲೋಡ್ ಮಾಡಲು ಆಜ್ಞೆ ಕೊಟ್ಟೆ. ಕರ್ನಲ್ ಸಾರಾಸಗಟಾಗಿ ತಿರಸ್ಕರಿಸಿದ. ಈ ಮಾಡ್ಯೂಲನ್ನು ಬೇರೊಂದು ಕರ್ನಲ್‌ಗೆಂದು ತಯಾರಿಸಲಾಗಿದೆ, ನನಗೆ ಒಗ್ಗದು ಎಂದು ಇಂಗ್ಲಿಷಿನಲ್ಲಿ ಗೊಣಗಿದ. ಪುಸ್ತಕ ತಿರುವಿದೆ. ಬಲವಂತ ಮಾಡುವುದಕ್ಕೂ ಒಂದು ಅಕ್ಷರವಿದೆಯಂತೆ. ಆಜ್ಞೆಯ ಜೊತೆ ಅದನ್ನು ಸೇರಿಸಿದರೆ ಕರ್ನಲ್ ಬಾಯಿ ಮುಚ್ಚಿಕೊಂಡು ಒಳಗೆ ಬಿಟ್ಟುಕೊಳ್ಳಬೇಕು. ಹಾಗೆ ಮಾಡಬಾರದು ಎಂದೂ ಕೆಳಗೆ ಬರೆದಿತ್ತು. ನಾನು ಕೆಳಗಿನವರೆಗೆ ಓದಲಿಲ್ಲ.

ಪರದೆ ಕಪ್ಪಾಯಿತು.

ಕಪ್ಪೆಂದರೆ ಬರೀ ಕಪ್ಪಲ್ಲ. ಮಾನಿಟರಿನ ಒಳಗಿಂದ "ಕುಂಯ್ಯ್" ಎಂದು ಸಣ್ಣಗೆ ಕೂಗು ಶುರುವಾಯಿತು. ಅಮ್ಮ ಅಡುಗೆಮನೆಯಿಂದ ಓಡಿ ಬಂದಳು.

"ಮಗ ಅಳ್ತಾ ಐತೇನೋ!"

"ಮಗು ಅಲ್ಲಮ್ಮ, ಮಾನಿಟರ್ರು."

"ಹೊಗೆ ಬತ್ತಾ ಐತೆ!"

"ಅದು ನಿನ್ನ ಒಗ್ಗರಣೆ."

ಯಂತ್ರ ಸತ್ತಿರಲಿಲ್ಲ, ಕುರುಡಾಗಿತ್ತು. ಕೀಲಿಮಣೆ ಕೆಲಸ ಮಾಡುತ್ತಿದೆ, ನಾನು ಹೊಡೆದದ್ದು ಒಳಗೆ ತಲುಪುತ್ತಿದೆ, ಆದರೆ ಏನೂ ಕಾಣುವುದಿಲ್ಲ. ಡ್ರೈವರನ್ನು ಇಳಿಸುವ ಆಜ್ಞೆಯನ್ನು ಕಣ್ಣು ಕಟ್ಟಿದವನಂತೆ ಹೊಡೆದೆ. ಏನಾಯಿತೋ ದೇವರಿಗೇ ಗೊತ್ತು. ಮತ್ತೆ ಹೊಡೆದೆ. ಕೂಗು ಇನ್ನೂ ಏರಿತು. ಕೊನೆಗೆ ಅಮ್ಮನೇ ಗೋಡೆಯ ಸ್ವಿಚ್ಚು ಆರಿಸಿದಳು. ಇಡೀ ಪ್ರಕರಣದಲ್ಲಿ ಸರಿಯಾದ ನಿರ್ಧಾರ ಅದೊಂದೇ.

"ಮಗೀನ ಬಲವಂತ ಮಾಡಿ ಕರ್ಸಬ್ಯಾಡ ಕಣ್ಲಾ" ಎಂದಳು.

ಇಮ್ತಿಯಾಜ್ ಕೇಳಿ ನಕ್ಕು, "ಕರ್ನಲ್ಲೂ ಮಾಡ್ಯೂಲೂ ಒಂದೇ ಪಾತ್ರೇಲಿ ಬೇಯ್ಬೇಕು ಗುರು. ಎರಡನ್ನೂ ನೀನೇ ಹೊಸದಾಗಿ ಕಂಪೈಲ್ ಮಾಡು" ಎಂದ. ಹೇಗೆ ಎಂದು ತೋರಿಸಿಕೊಟ್ಟು, ಅಕ್ಕನ ಮನೆಯ ಮದುವೆಗೆಂದು ದೇವನಹಳ್ಳಿಗೆ ಹೊರಟುಹೋದ. ಇದ್ದ ಒಬ್ಬ ಬುದ್ಧಿವಂತನೂ ಊರು ಬಿಟ್ಟ ಮೇಲೆ ನಾನು ಕಂಪೈಲ್ ಶುರು ಮಾಡಿದೆ.

ಕಂಪೈಲ್ ಎಂದರೆ ಪರದೆಯ ತುಂಬ ಅಕ್ಷರಗಳು ಮಳೆ ಸುರಿದಂತೆ ಸುರಿಯುತ್ತವೆ. ನಾವು ಕೈ ಕಟ್ಟಿ ಕೂತಿರಬೇಕು. ಅಷ್ಟೇ ಕೆಲಸ. ಆದರೆ ನಮ್ಮೂರಿನ ಕರೆಂಟು ಅದಕ್ಕೆ ಒಪ್ಪಬೇಕಲ್ಲ! ಬೆಳಿಗ್ಗೆ ಶುರು ಮಾಡಿದರೆ, ಮುಗಿಯುತ್ತಾ ಬಂತು ಎನ್ನುವಷ್ಟರಲ್ಲಿ ಕರೆಂಟು ಹೋಗುತ್ತಿತ್ತು. ಬೀದಿಯ ಮಗ್ಗಗಳೆಲ್ಲ ಒಟ್ಟಿಗೆ ಸುಮ್ಮನಾಗುತ್ತಿದ್ದವು. ಕರೆಂಟು ಬಂದಾಗ ನಾನು ಮೊದಲಿನಿಂದ ಶುರು ಮಾಡುತ್ತಿದ್ದೆ. ನಿಂತಲ್ಲಿಂದಲೇ ಮುಂದುವರಿಸಬಹುದಿತ್ತಂತೆ. ನಾನು ಪ್ರತಿಸಲವೂ ಮೊದಲು ಹಳೆಯದನ್ನೆಲ್ಲ ಅಳಿಸಿ ಶುಚಿ ಮಾಡುವ ಆಜ್ಞೆ ಕೊಡುತ್ತಿದ್ದೆ. ಅಷ್ಟು ಹೊತ್ತು ಬೆಂದದ್ದನ್ನು ನಾನೇ ಚರಂಡಿಗೆ ಚೆಲ್ಲಿ, ಒಲೆಯ ಮುಂದೆ ಭಕ್ತಿಯಿಂದ ಮತ್ತೆ ಕೂರುತ್ತಿದ್ದೆ.

ಹೀಗೆ ಕೂತಿದ್ದಾಗಲೆಲ್ಲ ಹಿಂದೂಪುರದ ರೈಲು ಕೂಗುತ್ತಿತ್ತು. ಅದು ಹೋದ ಮೇಲೂ ಸ್ವಲ್ಪ ಹೊತ್ತು ಕಿವಿ ಅತ್ತಲೇ ಇರುತ್ತಿತ್ತು. ಈಗ ಗೌರಿಬಿದನೂರು ದಾಟಿರಬೇಕು, ಈಗ ಪದ್ಮ ಮಗುವಿಗೆ ಸಾಂಬ್ರಾಣಿ ಹೊಗೆ ಹಾಕುತ್ತಿರಬೇಕು, ಮಗು ಸೀನುತ್ತಿರಬೇಕು ಎಂದು ಯೋಚನೆ ಓಡುತ್ತಿತ್ತು. ನಮ್ಮ ಮಗುವಿನ ಸೀನು ಹೇಗಿರುತ್ತದೆ? ಅದು ಕೂಡ ನನಗೆ ಗೊತ್ತಿರಲಿಲ್ಲ.

ಅಂತೂ ಮಗ್ಗಗಳಿಗೆ ರಜೆ ಇದ್ದ ಒಂದು ದಿನ, ಬೀದಿ ನಿಶ್ಶಬ್ದವಾಗಿ ಕರೆಂಟು ಒಂದೇ ಸಮನೆ ಇದ್ದಾಗ, ಹಿಂದಿನ ರಾತ್ರಿ ಶುರು ಮಾಡಿದ ಕಂಪೈಲ್ ಬೆಳಿಗ್ಗೆಯೇ ಪೂರ್ತಿಯಾಯಿತು. ಹೊಸ ಕರ್ನಲ್ ಎದ್ದು ಕೂತ. ಡ್ರೈವರನ್ನು ಲೋಡ್ ಮಾಡಲು ಆಜ್ಞೆ ಕೊಟ್ಟೆ. ಯಾವ ತಕರಾರೂ ಬರಲಿಲ್ಲ. ಪರದೆ ಒಮ್ಮೆ ಕಣ್ಣು ಮಿಟುಕಿಸಿತು. ಅಕ್ಷರಗಳು ಸಣ್ಣಗಾಗಿ, ಚೂಪಾಗಿ ನಿಂತವು.

"ಅಮ್ಮಾ! ಡ್ರೈವರ್ ಬಂದ!"

ಅಮ್ಮ ಸೆರಗು ಸರಿಮಾಡಿಕೊಂಡು ಹೊರಬಾಗಿಲಿಗೆ ಓಡಿದಳು. ಅವಳನ್ನು ಕರೆದುಕೊಂಡು ಬಂದು ಪಕ್ಕದಲ್ಲಿ ಕೂರಿಸಿಕೊಂಡು ಚಿತ್ರ ತೆರೆದೆ.

ಮೇಲಿನಿಂದ ಗೆರೆಗೆರೆಯಾಗಿ ಚಿತ್ರ ಇಳಿಯತೊಡಗಿತು. ಮೊದಲು ಕೂದಲು. ಎಷ್ಟು ಕೂದಲು! ಆಮೇಲೆ ಹಣೆ. ಮುಚ್ಚಿದ ಕಣ್ಣು. ಪದ್ಮಳ ಮೂಗು. ನನ್ನ ಕಿವಿ. ಒಂದು ರೆಪ್ಪೆಯೂ ತಪ್ಪದಂತೆ, ಸ್ಪಷ್ಟವಾಗಿ, ಜೀವಂತವಾಗಿ...

ಮಗು ನೀಲಿಯಾಗಿತ್ತು.

ತಿಳಿ ನೀಲಿ ಹಣೆ, ಕಡು ನೀಲಿ ಕೆನ್ನೆ, ನೇರಳೆ ಹಣ್ಣು ತಿಂದಂಥ ತುಟಿ. ಡ್ರೈವರಿನ ತಪ್ಪಿರಬಹುದೇ ಎಂಬ ಸಂದೇಹ ಬರಲಿಲ್ಲ ಎಂದಲ್ಲ, ಬಂತು. ವೃತ್ತಿನಿರತ ಬಣ್ಣಗಾರನಾದ ನಾನು ಕೂಡಲೇ ಪರೀಕ್ಷೆ ಮಾಡಿದೆ. ಮಗುವಿಗೆ ಸುತ್ತಿದ್ದ ನೀಲಿ ಸೀರೆಯ ಪಕ್ಕದಲ್ಲಿದ್ದ ಪದ್ಮಳ ಬಳೆಗಳನ್ನು ನೋಡಿದೆ. ಹಸಿರು! ಅದೇ ಸೀಮಂತದ ಹಸಿರು, ಒಂದು ಎಳೆಯೂ ಹೆಚ್ಚುಕಡಿಮೆಯಿಲ್ಲ. ಅಂದ ಮೇಲೆ ಬಣ್ಣಗಳೆಲ್ಲ ಸರಿಯಾಗಿವೆ. ಮಗುವೇ ನೀಲಿ. ಬಳೆ ತೊಟ್ಟ ಕೈಯನ್ನು ನೋಡಿದೆ. ಅಯ್ಯೋ, ಪದ್ಮಳೂ ನೀಲಿ!

"ಕೃಷ್ಣ ಪರಮಾತ್ಮ!" ಎಂದು ಅಮ್ಮ ಕೈ ಮುಗಿದಳು. ಮರುಕ್ಷಣ, "ಹೆಣ್ಮಗ ಅಲ್ವೇನ್ಲಾ ಅದು!" ಎಂದು ಕಿರುಚಿದಳು.

ಎಸ್‌ಟಿಡಿ ಬೂತಿಗೆ ಓಡಿದೆ. ಪದ್ಮಳ ಮನೆಯಲ್ಲಿ ಫೋನಿಲ್ಲ. ಪಕ್ಕದ ಅಂಗಡಿಯ ರಂಗಯ್ಯನವರಿಗೆ ಮಾಡಬೇಕು. ಅವರದು ತೆಲುಗು, ನನ್ನದು ಮಾವನ ಮನೆಯ ಜಗಲಿಯಲ್ಲಿ ಕಲಿತ ತೆಲುಗು, ಲೈನಿನಲ್ಲಿ ಗಾಣ ತಿರುಗಿದಂಥ ಸದ್ದು. ಗಂಟಲು ಹರಿಯುವಂತೆ ಕೂಗಿದೆ.

"ಬಿಡ್ಡ ನೀಲಂಗಾ ಉಂದಾ?" ಮಗು ನೀಲಿಯಾಗಿದೆಯಾ ಎಂದು.

"ಆ... ಉಂದಿ, ಉಂದಿ! ಪೊದ್ದುನಿಂಚೀ ಉಂದಿ!" ಇದೆ, ಬೆಳಿಗ್ಗೆಯಿಂದಲೂ ಇದೆ ಎಂದರು ಅವರು, ಬಹಳ ಸಮಾಧಾನದಿಂದ.

"ಡಾಕ್ಟರ್? ಡಾಕ್ಟರ್?"

"ಡಾಕ್ಟರ್ ಎಂದುಕಂಡೀ?" ಎನ್ನುತ್ತಿದ್ದಂತೆ ಲೈನು ಕಡಿಯಿತು. ಮತ್ತೆ ಸಿಗಲೇ ಇಲ್ಲ.

ಡಾಕ್ಟರು ಯಾಕೆ! ಅಂದರೆ ಡಾಕ್ಟರ ಕೈ ಮೀರಿದೆ ಎಂದೇ ತಾನೆ ಅರ್ಥ? ಮನೆಗೆ ಓಡಿ ಬಂದು ಅಮ್ಮನಿಗೆ ಹೇಳಿದೆ. ಅಮ್ಮ ಎರಡು ಕ್ಷಣ ನನ್ನ ಮುಖ ನೋಡಿದಳು.

"ನಕ್ಷತ್ರಕ್ಕಿಷ್ಟು ಬೆಂಕಿ ಹಾಕ. ನಡಿ, ಹೊಂಡು."

ಹೊರಡುವ ಗಡಿಬಿಡಿಯಲ್ಲೂ ಒಂದು ಸೀಸೆ ಎಳ್ಳೆಣ್ಣೆ, ಒಂದು ಕಂಚಿನ ಬಟ್ಟಲು ಚೀಲಕ್ಕೆ ಹಾಕಿಕೊಂಡಳು. ನಕ್ಷತ್ರಕ್ಕೆ ಬೆಂಕಿ ಹಾಕಿದರೂ ಎಣ್ಣೆಯನ್ನು ಬಿಡಲಿಲ್ಲ!

ರೈಲಿನಲ್ಲಿ ನಾನು ಕಿಟಕಿಯ ಕಡೆ ಮುಖ ಮಾಡಿ ಕೂತೆ. ಎಷ್ಟು ದಿನದಿಂದ ಹತ್ತಬೇಕೆಂದು ಹಂಬಲಿಸಿದ್ದ ರೈಲು ಅದು. ಹೀಗೆ ಹತ್ತುತ್ತೇನೆಂದು ಎಣಿಸಿರಲಿಲ್ಲ. ಅಮ್ಮ ಇಡೀ ಬೋಗಿಗೆ ಸುದ್ದಿ ಹಂಚಿದಳು. ಮೊಮ್ಮಗಳು ನೀಲಿಯಾಗಿದ್ದಾಳೆ, ಸೊಸೆಯೂ ಆಗಿದ್ದಾಳೆ. ಒಬ್ಬರು ದೃಷ್ಟಿ ಎಂದರು. ಒಬ್ಬರು ಇಂಗು ತೇದು ಹಚ್ಚಿ ಎಂದರು. ಒಬ್ಬ ಮುದುಕರು ನಿಧಾನವಾಗಿ ನಶ್ಯ ಏರಿಸಿ, "ಕೈಯೂ ನೀಲಿ ಅಂತೀರ. ಹಾವೇ ಇರ್ಬೇಕು" ಎಂದು ಇಳಿದುಹೋದರು. ಸ್ಟೇಷನ್ನಿನಿಂದ ಮಾವನ ಮನೆಗೆ ಆಟೋದಲ್ಲಿ ಹೋದೆವೋ ಓಡಿದೆವೋ, ಈಗಲೂ ನೆನಪಿಲ್ಲ.

ಬಾಗಿಲಲ್ಲಿ ಅಮ್ಮ ನನ್ನನ್ನು ತಡೆದು, ನನ್ನ ಹೆಗಲ ಮೇಲಿನ ಟವೆಲ್ಲನ್ನೇ ಕಣ್ಣಿಗೆ ಬಿಗಿದು ಕಟ್ಟಿ, ಜಗಲಿಯ ಮೇಲೆ ಕೂರಿಸಿ ಒಳಗೆ ನುಗ್ಗಿದಳು. ನಾನು ಕತ್ತಲೆಯಲ್ಲಿ ಕೂತು ಕಿವಿಗೊಟ್ಟೆ. ಆಮೇಲೆ ಅಮ್ಮನ ಕೂಗು.

"ಲೋ ನಾಗೂ! ಕೆಂಪಗವ್ಳೆ ಕಣ್ಲಾ! ದಾಸವಾಳದಂಗವ್ಳೆ!"

ನಾನು ಟವೆಲ್ಲಿನೊಳಗೇ ಅತ್ತುಬಿಟ್ಟೆ. ಟವೆಲ್ಲು ಇದ್ದದ್ದು ಒಳ್ಳೆಯದೇ ಆಯಿತು.

ಒಳಗೆ ವಿಚಾರಣೆ ನಡೆಯಿತು. ಬೆಳಗಿನಿಂದ ಬಾಣಂತಿಗೆ ಜೊತೆಯಾಗಿ ಬಂದು ಕೂತಿದ್ದ ಒಬ್ಬ ಹೆಂಗಸು, "ನೀಲಮ್ಮ ಅಂದ್ರೆ ನಾನೇ ಕಣ್ರಮ್ಮಾ. ಅಂಗಡಿ ರಂಗಯ್ಯನವರ ಹೆಂಡ್ತಿ. ನೀಲಮ್ಮ ಉಂದಾ, ನೀಲಮ್ಮ ಉಂದಾ ಅಂತ ಯಾರೋ ಅವರಿಗೆ ಫೋನ್ ಮಾಡಿ ಕೂಗಾಡಿದ್ರಂತೆ" ಎಂದಾಗ ಮನೆಯೆಲ್ಲ ನಕ್ಕಿತು. ಆ ನಗುವಿನಲ್ಲಿ ಒಂದು ನಗು ನನಗೆ ಗೊತ್ತಿತ್ತು. ಎಷ್ಟು ಕಾಲವಾಗಿತ್ತು ಅದನ್ನು ಕೇಳಿ!

ಆ ನಗುವೇ ಬಾಗಿಲ ಹಿಂದಿನಿಂದ ಮಾತಾಡಿತು. "ಏನ್ರೀ, ಮಗೂಗೆ ಯಾವ ಸೀರೆ ಸುತ್ತಿತ್ತು, ನೋಡಿದ್ರಾ?"

"ನೋಡ್ದೆ. ನೀಲಿ ಸೀರೆ."

"ನೀವೇ ಡಿಸೈನ್ ಬರ್ದು ನಂಗೆ ತಂದುಕೊಟ್ಟ ಸೀರೆ ರೀ ಅದು. ಕುಂಕುಮದ ಕೆಂಪು!"

ನಾನು ಟವೆಲ್ಲನ್ನು ಇನ್ನಷ್ಟು ಬಿಗಿ ಮಾಡಿಕೊಂಡೆ. ಆಮೇಲೆ ಊರಿಗೆ ಮರಳಿದಾಗ ಇಮ್ತಿಯಾಜ್ ವಿವರಿಸಿದ: ಆರರ ಕಾರ್ಡಿಗೆ ಒಂಬತ್ತರ ಡ್ರೈವರ್ ಹಾಕಿದ್ದರಿಂದ ಕೆಂಪೂ ನೀಲಿಯೂ ಅದಲುಬದಲಾಗಿದ್ದವು. ಹಸಿರು ಎರಡರ ನಡುವೆ ಇರುವುದರಿಂದ ಅದಕ್ಕೇನೂ ಆಗಿರಲಿಲ್ಲ. ಪೇಟೆಗೆಲ್ಲ ಬಣ್ಣ ಹೊಂದಿಸಿಕೊಡುವ ಮಹಾಶಯ, ತಾನೇ ಹೊಂದಿಸಿದ ಸೀರೆಯನ್ನು ಗುರುತಿಸಲಾರದೆ, ಮಗುವೇ ನೀಲಿಯಾಗಿದೆಯೆಂದು ನಂಬಿ ರೈಲು ಹತ್ತಿದ್ದ!

ಅಮ್ಮನಿಗೆ ಈಗ ನಕ್ಷತ್ರ ನೆನಪಾಯಿತು. ಬಂದದ್ದು ಬಂದಾಯಿತು, ಎಣ್ಣೆಯಲ್ಲಿ ಒಮ್ಮೆ ನೋಡಲಿ ಎಂದು ತೀರ್ಪು ಕೊಟ್ಟಳು. ನಡುಮನೆಯಲ್ಲಿ ಕಂಚಿನ ಬಟ್ಟಲಿಟ್ಟು ಎಣ್ಣೆ ಸುರಿದರು. ಟವೆಲ್ಲು ಬಿಚ್ಚಿ ಬಟ್ಟಲಿನ ಮೇಲೆ ನನ್ನ ತಲೆ ಬಗ್ಗಿಸಿ ಹಿಡಿದರು. ಹಿಂದಿನಿಂದ ಪದ್ಮ ಬಂದಳು. ಎಣ್ಣೆಯಲ್ಲಿ ಮೊದಲು ಕಂಡದ್ದು ಅವಳ ಮುಖವೇ. ಬಾಣಂತಿ ಕುಲಾವಿ ಕಟ್ಟಿ, ದುಂಡಗಾಗಿ, ನನ್ನನ್ನೇ ನೋಡುತ್ತಿದ್ದಳು. ಇಬ್ಬರೂ ಎಣ್ಣೆಯೊಳಗೇ ಒಬ್ಬರನ್ನೊಬ್ಬರು ನೋಡಿಕೊಂಡೆವು. ಆಮೇಲೆ ಅವಳು ಮಗುವನ್ನು ಮುಂದೆ ಚಾಚಿದಳು. ಒಂದು ಪುಟ್ಟ ಮುಖ ನಡುಗುತ್ತ ಬಂದು ನಿಂತಿತು. ಎಳ್ಳೆಣ್ಣೆಯಲ್ಲಿ ಅದು ಬಂಗಾರದ ಬಣ್ಣವಾಗಿತ್ತು. ಲಕ್ಷಗಟ್ಟಲೆ ಬಣ್ಣವೂ ಬೇಡ, ಹದಿನಾರೂ ಬೇಡ, ಇದೊಂದೇ ಸಾಕು ಅನಿಸಿತು. ನನ್ನ ಕಣ್ಣಿನಿಂದ ಒಂದು ಹನಿ ಬಟ್ಟಲಿಗೆ ಬಿದ್ದು ಮುಖ ಚೂರುಚೂರಾಯಿತು.

"ಸಾಕು ಏಳ್ಲಾ. ಎಣ್ಣೆ ಕೆಡಿಸ್ಬ್ಯಾಡ" ಎಂದಳು ಅಮ್ಮ.

ನೇರವಾಗಿ ನೋಡುವುದು ಶಾಂತಿ ಆದ ಮೇಲೆಯೇ. ವಾಪಸು ರೈಲು ಸಂಜೆಗೆ. ಅಲ್ಲಿಯವರೆಗೆ ನನ್ನನ್ನು ಏನು ಮಾಡುವುದು? ಗೋಡೆಯ ಕಡೆ ಮುಖ ಮಾಡಿ ಚಾಪೆಯ ಮೇಲೆ ಕೂರಿಸಿದರು. ಊಟವನ್ನೂ ಗೋಡೆಗೆ ಎದುರಾಗಿಯೇ ಬಡಿಸಿದರು. ಅಳಿಯನಿಗೆ ಮಾಡಿದ ಒಬ್ಬಟ್ಟನ್ನು ನಾನು ಸುಣ್ಣದ ಗೋಡೆಯನ್ನು ನೋಡುತ್ತ ತಿಂದೆ. ಬೆನ್ನ ಹಿಂದೆ ಎಲ್ಲರೂ ಮಗುವನ್ನು ಆಡಿಸುತ್ತಿದ್ದರು. ಅದು ಒಮ್ಮೆ ಸೀನಿತು. ಸಣ್ಣ ಸೀನು, ಎರಡು ಸಲ. ಶ್ರೀನು ಹತ್ತಿರ ಬಂದು, "ಬಾವಾ, ಆ ಡ್ರೈವರ್ ಹೆಂಗೆ ಲೋಡ್ ಮಾಡಿದ್ರಿ?" ಎಂದು ಕೇಳಿದ. ಅವನ ಕಡೆ ತಿರುಗುವ ಹಾಗೂ ಇರಲಿಲ್ಲ, ಬೈಯುವ ಹಾಗೂ ಇರಲಿಲ್ಲ.

ಮಧ್ಯಾಹ್ನ ಎಲ್ಲರೂ ಅಡ್ಡಾದ ಮೇಲೆ ಪದ್ಮ ಮಗುವನ್ನೆತ್ತಿಕೊಂಡು ಬಂದು ನನ್ನ ಬೆನ್ನಿಗೆ ಬೆನ್ನು ಕೊಟ್ಟು ಕೂತಳು.

"ಸಣ್ಣಗಾಗ್ಬಿಟ್ಟಿದೀರ. ಬೆನ್ನಲ್ಲೇ ಗೊತ್ತಾಗುತ್ತೆ" ಎಂದಳು.

"ನೀನು ಬಂದ್ಬಿಡು, ಸರಿಹೋಗ್ತೀನಿ."

"ದಿನಾ ರೈಲು ಕೂಗಿದಾಗೆಲ್ಲಾ ನೀವು ಬಂದ್ರೇನೋ ಅಂತ ಬಾಗಿಲು ನೋಡ್ತಿದ್ದೆ. ನಕ್ಷತ್ರ ಅಂತ ಗೊತ್ತಿದ್ರೂ."

ನಾನು ಬೆನ್ನನ್ನು ಅವಳ ಬೆನ್ನಿಗೆ ಇನ್ನಷ್ಟು ಒತ್ತಿದೆ. ಅವಳು ಸ್ವಲ್ಪ ಸರಿದು, ಮಗುವನ್ನು ಹೆಗಲಿಗೆ ಹಾಕಿಕೊಳ್ಳಲೆಂದು ನನ್ನ ಕಡೆ ತಿರುಗಿದಳು. ಆಗ ನನ್ನ ಬೆನ್ನಿಗೆ ಮೆತ್ತಗೆ, ಬೆಚ್ಚಗೆ ಏನೋ ತಾಗಿತು. ಒಂದು ಪುಟ್ಟ ಅಂಗಾಲು. ಕ್ಷಣ ಹೊತ್ತು ಅಲ್ಲೇ ನಿಂತಿತು.

ಮರುಕ್ಷಣ ಅದು ಮಡಿಸಿಕೊಂಡು, ಇದ್ದ ಬಲವನ್ನೆಲ್ಲ ಕೂಡಿಸಿ, ಒದೆಯಿತು. ಅಪ್ಪನ ಮುಖ ನೋಡುವ ಮೊದಲೇ ನನ್ನ ಮಗಳು ಅಪ್ಪನನ್ನು ಪೂರ್ತಿಯಾಗಿ ಅರ್ಥಮಾಡಿಕೊಂಡಿದ್ದಳು!